ಅವಳ ಕೈಯಲ್ಲಿ ಜಪಮಾಲೆ ಇರಬಹುದೇ? 1910ರ ಹಳ್ಳಿಯ ಬ್ಯಾಪ್ಟಿಸ್ಟ್ ಹೆಂಗಸಿನ ಬದುಕಿನ ವಿವರ ಬೇಕು

ಬಳ್ಳಿಮನೆ (ಶಿರಸಿ):

ನಮಸ್ಕಾರ. ಶಿರಸಿಯ ನಮ್ಮ ಹವ್ಯಾಸಿ ತಂಡದ ಹೆಣ್ಣುಮಕ್ಕಳು ಸೇರಿ ಮುಕ್ಕಾಲು ಗಂಟೆಯ ಒಂದು ನಾಟಕ ಕಟ್ಟುತ್ತಿದ್ದೇವೆ. ಕಥೆ ನಡೆಯುವುದು ಅಮೆರಿಕದ ಜಾರ್ಜಿಯಾ ರಾಜ್ಯದ ಗುಡ್ಡಗಾಡಿನ ಹಳ್ಳಿಯಲ್ಲಿ, 1910ರ ಸುಮಾರಿಗೆ. ಮುಖ್ಯ ಪಾತ್ರ ಐವತ್ತರ ಆಸುಪಾಸಿನ ರೈತನ ಹೆಂಡತಿ, ಬಹಳ ಶ್ರದ್ಧೆಯ ಬ್ಯಾಪ್ಟಿಸ್ಟ್ (ಕ್ರೈಸ್ತರಲ್ಲೇ ಒಂದು ಪಂಥ). ಅವಳ ಭಕ್ತಿ ಮಾತಿನಲ್ಲಿ ಅಲ್ಲ, ಕೈಕೆಲಸದಲ್ಲಿ ಕಾಣಬೇಕು ಎಂಬುದು ನಮ್ಮ ಆಸೆ.

ಸದ್ಯಕ್ಕೆ ಅವಳ ಕೈಗೆ ಜಪಮಾಲೆ, ತಲೆಗೆ ಬಿಳಿ ಮುಸುಕು, ಗೋಡೆಗೆ ಶಿಲುಬೆ ಇಟ್ಟು ತಾಲೀಮು ನಡೆಸಿದ್ದೇವೆ. ಒಬ್ಬರು ಇದು ತಪ್ಪು ಎಂದರು. ಹಾಗಾದರೆ ಸರಿ ಯಾವುದು? ಮಗಳಿಗೆ ನದಿಯಲ್ಲಿ ದೀಕ್ಷಾಸ್ನಾನ ಕೊಡುವ ದೃಶ್ಯವನ್ನು ಮೊದಲೇ ಚಿತ್ರೀಕರಿಸಿ ಹಿಂದಿನ ಪರದೆ ಮೇಲೆ ತೋರಿಸಬೇಕೆಂದಿದ್ದೇವೆ. ಅದು ನಿಜವಾಗಿ ಹೇಗೆ ನಡೆಯುತ್ತಿತ್ತು? ಬಟ್ಟೆ ಒಗೆಯುವುದು, ಸೋಪು ಕಾಯಿಸುವುದು ಇವನ್ನೂ ತೋರಿಸುವುದಿದೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಕಾಳಿದಂಡೆ (ಕಾರವಾರ):

ಜಪಮಾಲೆ, ಮುಸುಕು, ಶಿಲುಬೆ ಮೂರನ್ನೂ ತೆಗೆದಿಡಿ ಅಕ್ಕ. ಹಾಗೆ ಆಗಿದ್ದು ಸಹಜವೇ. ನಮ್ಮ ಕರಾವಳಿಯಲ್ಲಿ ಕ್ರೈಸ್ತರು ಎಂದರೆ ಕಣ್ಣಿಗೆ ಬರುವುದು ಕೊಂಕಣಿ ಮಾತಾಡುವ ಕ್ಯಾಥೋಲಿಕರು. ಇಗರ್ಜಿ, ಪಾದ್ರಿ, ಮೇರಿಮಾತೆಯ ಹಬ್ಬ, ಮೊಂಬತ್ತಿ, ಎದೆಯ ಮೇಲೆ ಶಿಲುಬೆಯ ಗುರುತು, ಎಲ್ಲವೂ ಗೋವೆಯ ಕಡೆಯಿಂದ ಬಂದದ್ದು. ಬ್ಯಾಪ್ಟಿಸ್ಟರ ದಾರಿ ಬೇರೆ. 1609ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ನೆಲೆಸಿದ್ದ ಇಂಗ್ಲಿಷರ ಗುಂಪಿನಿಂದ ಹೊರಟ ಪಂಥ ಅದು. ಹಸುಗೂಸಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ನಂಬಿಕೆಯನ್ನು ತನ್ನ ಬಾಯಿಂದಲೇ ಹೇಳಬಲ್ಲವರಿಗೆ ಮಾತ್ರ, ಅದೂ ಪೂರ್ತಿ ಮುಳುಗಿಸಿ. ನಮಗೂ ಇವರಿಗೂ ಒಂದು ನಂಟಿದೆ: 1817ರಲ್ಲಿ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚು ಹಾಕಿಸಿದ ವಿಲಿಯಂ ಕೇರಿ ಬ್ಯಾಪ್ಟಿಸ್ಟ್ ಮಿಷನರಿ.

ಹಾಗಾದರೆ ಮನೆಯಲ್ಲಿ ಏನಿರಬೇಕು? ಒಂದು ದಪ್ಪ ಬೈಬಲ್. 1611ರ ಇಂಗ್ಲಿಷ್ ಅನುವಾದದ್ದು. ಮನೆತನದ ಬೈಬಲಿನಲ್ಲಿ ಹಳೆ ಒಡಂಬಡಿಕೆ ಮುಗಿದು ಹೊಸದು ಶುರುವಾಗುವ ಮಧ್ಯೆ ಗೆರೆ ಹಾಕಿದ ಪುಟಗಳಿರುತ್ತಿದ್ದವು: ಹುಟ್ಟು, ಮದುವೆ, ಸಾವು. ಹೆಚ್ಚಾಗಿ ಮನೆಯ ಹೆಂಗಸೇ ಅದರಲ್ಲಿ ಬರೆಯುತ್ತಿದ್ದಳು. ತೀರಿಹೋದ ಮಗುವಿನ ಹೆಸರಿನ ಮುಂದೆ ತಾರೀಕು ಬರೆದು ಶಾಯಿ ಆರುವ ತನಕ ಪುಟ ಮುಚ್ಚದೆ ಕೂರುವುದನ್ನು ತೋರಿಸಿ, ಇಡೀ ಪಾತ್ರ ಬಂತು. ಪ್ರಾರ್ಥನೆಗೆ ಬಾಯಿಪಾಠದ ಪಠ್ಯವಿಲ್ಲ, ಬಾಯಿಗೆ ಬಂದ ಸ್ವಂತ ಮಾತು. ರಾತ್ರಿ ಊಟವಾದ ಮೇಲೆ ಗಂಡ ಒಂದು ಅಧ್ಯಾಯ ಓದಿದರೆ ಎಲ್ಲರೂ ಕುರ್ಚಿಯ ಕಡೆ ತಿರುಗಿ, ಮಂಡಿಯೂರಿ, ಕೂರುವ ಹಲಗೆಗೆ ಮೊಣಕೈ ಊರಿ ತಲೆ ಬಗ್ಗಿಸಬೇಕು. ಎದುರಿಗೆ ಮೂರ್ತಿಯಾಗಲಿ ಪಟವಾಗಲಿ ಇರುವುದಿಲ್ಲ.

ದೇವಾಲಯವೂ ಹಾಗೆಯೇ ಬೋಳು. ಹಲಗೆಯ ಕಟ್ಟಡ, ಎಷ್ಟೋ ಕಡೆ ಗಂಡಸರಿಗೊಂದು, ಹೆಂಗಸರಿಗೊಂದು ಬಾಗಿಲು, ಒಳಗೆ ಬೆಂಚೂ ಬೇರೆ ಬೇರೆ. ನಡುವೆ ಪ್ರಸಂಗ (ಧರ್ಮೋಪದೇಶ) ಪೀಠ, ಅದರ ಮುಂದೊಂದು ಸಾದಾ ಮೇಜು. ಗೋಡೆಗೆ ಒಂದನ್ನು ತೂಗುಹಾಕಬಹುದು: ಸಭೆಯ, ಅಂದರೆ ಊರಿನ ಭಕ್ತರ ಕೂಟದ, ಒಡಂಬಡಿಕೆಯ ಅಚ್ಚಾದ ಹಾಳೆ. 1853ರಲ್ಲಿ ಪ್ರಕಟವಾದ ಪಠ್ಯ ಎಲ್ಲೆಡೆ ಹರಡಿತ್ತು. ಮದ್ಯ ಮಾರುವುದಿಲ್ಲ, ಕುಡಿಯುವುದಿಲ್ಲ ಎಂಬ ಪ್ರತಿಜ್ಞೆ ಅದರಲ್ಲಿದೆ.

ಹಳ್ಳಿಯಲ್ಲಿ ಪ್ರತಿ ಭಾನುವಾರವೂ ಪ್ರಸಂಗ ಇರುತ್ತಿತ್ತು ಅಂದುಕೊಳ್ಳಬೇಡಿ. ಪ್ರಸಂಗ ಮಾಡುವ ಒಬ್ಬ ಪಾಲಕನಿಗೆ ನಾಲ್ಕು ಸಭೆ, ಒಂದೊಂದಕ್ಕೆ ತಿಂಗಳಿಗೊಂದು ಭಾನುವಾರ. ಅದರ ಹಿಂದಿನ ಶನಿವಾರ ಸಭೆಯ ವ್ಯವಹಾರ. ಕುಣಿದದ್ದು, ಕುಡಿದದ್ದು, ನೆರೆಯವರ ಮೇಲೆ ಚಾಡಿ ಹೇಳಿದ್ದು ಅಲ್ಲಿ ವಿಚಾರಣೆಗೆ ಬರುತ್ತಿತ್ತು. ತಪ್ಪೊಪ್ಪದಿದ್ದರೆ ಹೆಸರು ತೆಗೆಯುತ್ತಿದ್ದರು. ಒಪ್ಪಿಕೊಂಡು ಬಂದರೆ ಮತ್ತೆ ಕೈಕುಲುಕಿ ಸೇರಿಸಿಕೊಳ್ಳುತ್ತಿದ್ದರು.

ಇನ್ನು ಮಾತು. ಬ್ಯಾಪ್ಟಿಸ್ಟರು ಪರಸ್ಪರ ಸಹೋದರ, ಸಹೋದರಿ ಎಂದು ಕರೆಯುತ್ತಿದ್ದರು. ನೀವು ‘ಸಿಸ್ಟರ್’ ಎಂದು ಬಳಸಿದರೆ ಇಲ್ಲಿನ ಪ್ರೇಕ್ಷಕರು ಕಾನ್ವೆಂಟಿನ ಸನ್ಯಾಸಿನಿ ಅಂದುಕೊಳ್ಳುತ್ತಾರೆ. ಹೆಸರಿಗೆ ‘ಅಕ್ಕ’ ಸೇರಿಸಿ. ಪಾದ್ರಿ ಬೇಡ, ಸಭಾಪಾಲಕ ಎನ್ನಿ. ಸಭೆಯ ಕೆಲಸಕ್ಕೆ ನೆರವಾಗುವ ಡೀಕನ್ನಿಗೆ ಕನ್ನಡ ಬೈಬಲಿನಲ್ಲೇ ‘ಸಭಾಸೇವಕ’ ಎಂಬ ಒಳ್ಳೆಯ ಮಾತಿದೆ. ‘ಸಂಸ್ಕಾರ’ವನ್ನೂ ಬಿಡಿ. ದೀಕ್ಷಾಸ್ನಾನ, ಕರ್ತನ ಭೋಜನ (ಕ್ರಿಸ್ತನ ನೆನಪಿಗೆ ರೊಟ್ಟಿ, ದ್ರಾಕ್ಷಿರಸ ಹಂಚಿಕೊಳ್ಳುವುದು) ಎರಡನ್ನೂ ಅವರು ವಿಧಿ ಎನ್ನುತ್ತಾರೆ: ಕ್ರಿಸ್ತ ಹೇಳಿದ್ದರಿಂದ ಮಾಡುವಂಥವು, ಮಾಡಿದ್ದರಿಂದಲೇ ಮೋಕ್ಷ ತರುವಂಥವಲ್ಲ.

ಅಳಿವೆ (ಕುಮಟಾ):

ನದಿಯ ದೃಶ್ಯಕ್ಕೆ ನನ್ನ ಉತ್ತರ.

ಕಾಲ: ಜುಲೈ ಕೊನೆ, ಆಗಸ್ಟ್. ಹತ್ತಿಗೆ, ಮೆಕ್ಕೆಜೋಳಕ್ಕೆ ಕೊನೆಯ ಕಳೆ ತೆಗೆದಾದ ಮೇಲೆ ಕೊಯ್ಲಿನ ತನಕ ಬಿಡುವು. ಆಗ ವಾರಗಟ್ಟಲೆ ದಿನಾ ರಾತ್ರಿ ಪ್ರಸಂಗ ನಡೆಯುತ್ತಿತ್ತು. ನಂಬಿಕೆ ಒಪ್ಪಿ ಮುಂದೆ ಬಂದವರಿಗೆ ಕೊನೆಯಲ್ಲಿ ಹಳ್ಳದಲ್ಲೋ ಗಿರಣಿಯ ಕೆರೆಯಲ್ಲೋ ದೀಕ್ಷಾಸ್ನಾನ. ಮಗಳಿಗೆ ಹತ್ತು ಹನ್ನೆರಡು ವರ್ಷ ಇರಲಿ.

ನೀರಿನ ಆಳ ಸೊಂಟಕ್ಕಿಂತ ತುಸು ಮೇಲೆ. ಮೊಣಕಾಲುದ್ದ ನೀರಾದರೆ ಪಾಲಕ ತೀರ ಬಗ್ಗಬೇಕಾಗುತ್ತದೆ, ಮುಳುಗಿಸಿದವರ ತಲೆ ತಳಕ್ಕೆ ತಾಗುತ್ತದೆ. ಎದೆಮಟ್ಟ ದಾಟಿದರೆ ಕಾಲು ನೆಲ ಬಿಟ್ಟು ತೇಲುತ್ತದೆ, ಎತ್ತಲು ಆಸರೆಯೇ ಸಿಗುವುದಿಲ್ಲ. ಅದಕ್ಕೇ ಒಬ್ಬ ಸಭಾಸೇವಕ ಮೊದಲು ಕೋಲು ಊರುತ್ತಾ ಇಳಿದು ಗುಂಡಿ, ಬೇರು, ಕೆಸರು ನೋಡಿ ಬರುತ್ತಿದ್ದ. ದಡದ ಮೇಲೆ ಎಲ್ಲರೂ ನಿಂತು ಹಾಡುತ್ತಿರುತ್ತಾರೆ.

ನಿಲ್ಲುವ ದಿಕ್ಕು ಬಹಳ ಮುಖ್ಯ. ಹುಡುಗಿಯ ಬೆನ್ನು ಹೊಳೆ ಹರಿದು ಬರುವ ಕಡೆಗೆ ಇರಬೇಕು, ಮುಖ ಹರಿದು ಹೋಗುವ ಕಡೆಗೆ. ಆಗ ಹಿಂದಕ್ಕೆ ಬಾಗಿದಾಗ ನೀರು ನೆತ್ತಿಯಿಂದ ಗಲ್ಲದ ಕಡೆಗೆ ಹರಿದು ಹೋಗುತ್ತದೆ, ಏಳುವಾಗ ಅದೇ ಹರಿವು ಬೆನ್ನನ್ನು ನೂಕಿಕೊಡುತ್ತದೆ. ತಿರುಗಿ ನಿಂತರೆ ನೀರು ನೇರ ಮೂಗಿಗೆ ನುಗ್ಗುತ್ತದೆ. ಪಾಲಕ ಅವಳ ಪಕ್ಕದಲ್ಲಿ. ಅವಳು ಎದೆಯ ಮೇಲೆ ಕೈ ಜೋಡಿಸಿ ಮಡಿಸಿದ ಕರವಸ್ತ್ರ ಹಿಡಿದಿರುತ್ತಾಳೆ; ಅವನ ಒಂದು ಕೈ ಅವಳ ಕತ್ತಿನ ಹಿಂದೆ, ಇನ್ನೊಂದು ಆ ಜೋಡಿಸಿದ ಕೈಗಳ ಮೇಲೆ. ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿ, ಕರವಸ್ತ್ರದಿಂದ ಮೂಗು ಮುಚ್ಚಿ, ಒಂದೇ ಸಲ ಹಿಂದಕ್ಕೆ ಮಲಗಿಸಿ ಎತ್ತುವುದು. ಹೂತು ಮತ್ತೆ ಏಳುವುದರ ಸಂಕೇತ ಅದು. ಆದ್ದರಿಂದ ಮುಂದಕ್ಕೆ ಬಗ್ಗಿ ಮುಳುಗಿದರೆ, ನಮ್ಮ ತೀರ್ಥಸ್ನಾನದ ಹಾಗೆ ಮೂರು ಮುಳುಕು ಹಾಕಿದರೆ ದೃಶ್ಯದ ಅರ್ಥವೇ ಕೆಡುತ್ತದೆ. ಹೆದರಿದವರು ಹಿಂದಕ್ಕೆ ಹೆಜ್ಜೆ ಇಡುತ್ತಾರೆ, ಅಲ್ಲಿ ಪಾಲಕನ ಹಿಡಿತ ತಪ್ಪುತ್ತದೆ. ಮೊಣಕಾಲು ಸಡಿಲಬಿಟ್ಟು ಹಿಂದಕ್ಕೆ ಒರಗು ಎಂದು ಹುಡುಗಿಗೆ ದಡದಲ್ಲೇ ಅಭ್ಯಾಸ ಮಾಡಿಸಿ.

ಬಟ್ಟೆ: ಒದ್ದೆಯಾದರೆ ಮೈ ಕಾಣದ ದಪ್ಪ ಹತ್ತಿ. ಲಂಗದಲ್ಲಿ ಗಾಳಿ ಸೇರಿ ನೀರಿನ ಮೇಲೆ ಕೊಡೆಯಂತೆ ಉಬ್ಬುತ್ತದೆ. ಅದಕ್ಕೆ ಅಂಚಿನ ಮಡಿಕೆಯೊಳಗೆ ಸೀಸದ ಗುಂಡು ಅಥವಾ ಸಣ್ಣ ಕಲ್ಲು ಇಟ್ಟು ಹೊಲಿಯುತ್ತಿದ್ದರು. ತಾಯಿ ಹಿಂದಿನ ರಾತ್ರಿ ದೀಪದ ಬೆಳಕಿನಲ್ಲಿ ಅದನ್ನು ಹೊಲಿಯುವುದು ನಿಮ್ಮ ವೇದಿಕೆಗೆ ಒಳ್ಳೆಯ ದೃಶ್ಯ. ಮೇಲೆ ಬಂದವರಿಗೆ ಬಟ್ಟೆ ಬದಲಿಸಲು ಹೆಂಗಸರು ಸುತ್ತ ಹೊದಿಕೆ ಹಿಡಿದು ಮರೆ ಮಾಡುತ್ತಿದ್ದರು.

ನಮ್ಮ ಕಡೆ ಚಿತ್ರೀಕರಿಸುವುದಾದರೆ ಶಾಲ್ಮಲೆಯ ಸಹಸ್ರಲಿಂಗ ಬೇಡವೇ ಬೇಡ. ಬಂಡೆ ಜಾರುತ್ತದೆ, ಅದೂ ಅಲ್ಲದೆ ಅದು ಪೂಜೆಯ ಜಾಗ. ಅಘನಾಶಿನಿಯ ಅಳಿವೆಯ ಹತ್ತಿರ ಮಾಡಿದರೆ ಉಬ್ಬರ ತಿರುಗುವ ಹೊತ್ತು ನೋಡಿಕೊಳ್ಳಿ; ನೀರು ಸ್ವಲ್ಪ ಹೊತ್ತು ನಿಂತ ಹಾಗಿರುತ್ತದೆ. ಇಳಿತ ಜೋರಾದ ಮೇಲೆ ಇಳಿಯಬೇಡಿ. ಬಳಚಿನ ಚಿಪ್ಪು ಅಂಗಾಲು ಸೀಳುತ್ತದೆ, ಬರಿಗಾಲು ಬೇಡ. ಮಳೆಗಾಲ ಪೂರ್ತಿ ಬಿಟ್ಟುಬಿಡಿ.

ಬಳ್ಳಿಮನೆ (ಶಿರಸಿ):

ಸೀಸದ ಗುಂಡು ಹೊಲಿಯುವ ದೃಶ್ಯ ಆಗಲೇ ಬರೆದುಕೊಂಡೆ. ಇಬ್ಬರಿಗೂ ಕೈಮುಗಿದೆ. ಸೋಪಿನ ವಿಷಯ ಯಾರಾದರೂ ಹೇಳಿ.

ಬೂದಿಮರಿಗೆ (ಹೊನ್ನಾವರ):

ಸೋಪಿಗೆ ಬೇಕಾದದ್ದು ಎರಡೇ: ಕೊಬ್ಬು, ಕ್ಷಾರ. ಕೊಬ್ಬು ಚಳಿಗಾಲದಲ್ಲಿ ಹಂದಿ ಕೊಯ್ದಾಗ ಉಳಿದದ್ದು. ಕ್ಷಾರ ಒಲೆಯ ಬೂದಿಯಿಂದ. ಗಟ್ಟಿಮರದ ಬೂದಿಯೇ ಆಗಬೇಕು, ಪೈನ್ ಮರದ್ದು ಪ್ರಯೋಜನವಿಲ್ಲ. ಹಲಗೆಯ ಇಳಿಜಾರು ಮರಿಗೆಯ ತಳಕ್ಕೆ ಹುಲ್ಲು ಹಾಸಿ, ಮೇಲೆ ಬೂದಿ ತುಂಬಿ, ಮಳೆನೀರನ್ನು ಸ್ವಲ್ಪ ಸ್ವಲ್ಪವಾಗಿ ಸುರಿದರೆ ಕೆಳಗೆ ಕಂದು ಬಣ್ಣದ ನೀರು ತೊಟ್ಟಿಕ್ಕುತ್ತದೆ. ಒಂದೇ ಸಲ ಸುರಿದರೆ ಬೂದಿಯಲ್ಲಿ ಕಾಲುವೆ ಬಿದ್ದು ನೀರು ಸಪ್ಪೆಯಾಗಿ ಇಳಿದುಹೋಗುತ್ತದೆ. ಹದ ನೋಡಲು ಹಸಿ ಮೊಟ್ಟೆ: ಮುಳುಗಿದರೆ ಸಾಲದು, ನಾಣ್ಯದಷ್ಟು ಅಗಲ ಮೇಲೆ ಕಾಣುವಂತೆ ತೇಲಿದರೆ ಸರಿ, ಅಡ್ಡ ಮಲಗಿ ತೇಲಿದರೆ ತೀರಾ ಖಾರ, ನೀರು ಬೆರೆಸಬೇಕು. ಬೂದಿನೀರಿನಲ್ಲಿ ಬಟ್ಟೆ ಬೇಯಿಸುವುದು ನಮ್ಮ ಹಳಬರಿಗೂ ಗೊತ್ತಿದ್ದದ್ದೇ. ಜಾರ್ಜಿಯಾದವರು ಅದಕ್ಕೆ ಕೊಬ್ಬು ಸೇರಿಸಿ ಗಂಟೆಗಟ್ಟಲೆ ಕುದಿಸುತ್ತಿದ್ದರು.

ಬೂದಿಯ ಕ್ಷಾರದಿಂದ ಬರುವುದು ಅಂಬಲಿಯಂಥ ಮೆತ್ತನೆಯ ಸೋಪು, ಬಿಲ್ಲೆ ಆಗುವುದಿಲ್ಲ. ಅದರಲ್ಲಿರುವುದು ಪೊಟ್ಯಾಶ್, ಉಪ್ಪು ಹಾಕಿ ಕುದಿಸಿದರೆ ಮಾತ್ರ ಗಟ್ಟಿಯಾಗಿ ಮೇಲೆ ನಿಲ್ಲುತ್ತದೆ. 1910ರ ಹೊತ್ತಿಗೆ ಅಂಗಡಿಯಲ್ಲಿ ಡಬ್ಬಿಯ ಕಾಸ್ಟಿಕ್ ಸೋಡಾ ಸಿಗುತ್ತಿತ್ತು, ನಿಮ್ಮ ಪಾತ್ರ ಅದನ್ನೂ ಬಳಸಬಹುದು. ರೂಢಿಯ ಲೆಕ್ಕ: ಸುಮಾರು 370 ಗ್ರಾಂ ಸೋಡಾ, 1.2 ಲೀಟರ್ ತಣ್ಣೀರು, 2.7 ಕಿಲೋ ಕರಗಿಸಿ ಸೋಸಿದ ಕೊಬ್ಬು. ಸೋಡಾವನ್ನು ನೀರಿಗೆ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಎರಡೂ ಉಗುರುಬೆಚ್ಚಗಾದ ಮೇಲೆ ಕೊಬ್ಬಿಗೆ ಕ್ಷಾರವನ್ನು ಸಣ್ಣ ಧಾರೆಯಾಗಿ ಬಿಡುತ್ತಾ ಒಂದೇ ಹದದಲ್ಲಿ ತಿರುವಬೇಕು, ಜೇನಿನಷ್ಟು ಮಂದವಾಗುವ ತನಕ. ತಿರುವುದು ಕಡಿಮೆಯಾದರೆ ಮೇಲೆ ಜಿಡ್ಡು, ಕೆಳಗೆ ಸುಡುವ ನೀರು ಎಂದು ಒಡೆಯುತ್ತದೆ. ಕೊಬ್ಬಿನಲ್ಲಿ ಉಪ್ಪಿನಂಶ ಉಳಿದಿದ್ದರೂ ಹಾಗೆಯೇ. ಕಬ್ಬಿಣದ ಪಾತ್ರೆ ಆಗಬಹುದು, ಅಲ್ಯೂಮಿನಿಯಂ ತಿಂದುಹೋಗುತ್ತದೆ. ಬಿಲ್ಲೆ ಕೊಯ್ದು ಕೆಲವು ವಾರ ಒಣಗಿಸದೆ ಬಳಸಿದರೆ ಕೈ ಉರಿಯುತ್ತದೆ.

ವೇದಿಕೆಯ ಮೇಲೆ ನಿಜವಾದ ಕಾಸ್ಟಿಕ್ ತರಲೇಬೇಡಿ. ತೆಳ್ಳಗಿನ ಮೈದಾ ಗಂಜಿಗೆ ಒಂದು ಚಿಟಿಕೆ ಅರಿಸಿನ ಹಾಕಿದರೆ ದೂರಕ್ಕೆ ಅದೇ ಬಣ್ಣ.

ಒಗೆಯುವುದು ಸೋಮವಾರ. ಅಂಗಳದಲ್ಲಿ ಮೂರು ಕಾಲಿನ ಕಬ್ಬಿಣದ ಹಂಡೆಯಲ್ಲಿ ಬಿಳಿ ಬಟ್ಟೆ ಸೋಪಿನ ಜೊತೆ ಕುದಿಯುತ್ತದೆ. ಕೋಲಿನಿಂದ ಎತ್ತಿ ಮರದ ದಿಮ್ಮಿಯ ಮೇಲಿಟ್ಟು ಬಡಿದು, ಎರಡು ನೀರಿನಲ್ಲಿ ಜಾಲಾಡಿ, ಕೊನೆಯ ನೀರಿಗೆ ನೀಲಿ, ಆಮೇಲೆ ಗಂಜಿ. ಇಸ್ತ್ರಿ ಮಂಗಳವಾರ. ಭಾನುವಾರ ಇದ್ಯಾವುದೂ ಇಲ್ಲ, ಸೂಜಿಯನ್ನೂ ಮುಟ್ಟುತ್ತಿರಲಿಲ್ಲ. ಸೌದೆ ಒಡೆಯುವುದು, ಕೋಳಿ ಹಸನು ಮಾಡುವುದು, ಕಾಫಿಪುಡಿ ಬೀಸುವುದು ಶನಿವಾರವೇ ಮುಗಿಯಬೇಕು. ಹಸು ಕರೆಯುವುದಕ್ಕೆ ಮಾತ್ರ ವಿನಾಯಿತಿ.

ಕೌದಿ (ಯಲ್ಲಾಪುರ):

ಎಲ್ಲರೂ ಕೆಲಸ ಹೇಳಿದರು, ಅವಳ ಕೈಯಲ್ಲಿದ್ದ ದುಡ್ಡಿನ ಮಾತು ಬಿಟ್ಟುಹೋಯಿತು. ಹೊಲದ ಆದಾಯ ಗಂಡನದು; ಮೊಟ್ಟೆ, ಬೆಣ್ಣೆ ಮಾರಿದ ಚಿಲ್ಲರೆ ಅವಳದು. ಭಾನುವಾರ ಕೋಳಿ ಇಟ್ಟ ಮೊಟ್ಟೆಗಳನ್ನು ಬೇರೆ ಇಟ್ಟು, ಅದರ ಹಣವನ್ನು ಮಿಷನ್ ಕಾಣಿಕೆಗೆ ಕೊಡುವ ರೂಢಿ ದಕ್ಷಿಣದ ಬ್ಯಾಪ್ಟಿಸ್ಟ್ ಹೆಂಗಸರಲ್ಲಿತ್ತು. ಅಡುಗೆಮನೆಯ ಹಲಗೆಯ ಮೇಲೆ ಸೀಳು ಇರುವ ಒಂದು ರಟ್ಟಿನ ಡಬ್ಬಿ ಇಡಿ.

ಆ ಚಿಲ್ಲರೆ ಸಣ್ಣದಲ್ಲ. 1888ರಲ್ಲಿ ಅಮೆರಿಕದ ರಿಚ್ಮಂಡಿನಲ್ಲಿ ಈ ಹೆಂಗಸರ ಮಿಷನರಿ ಸಂಘ ಹುಟ್ಟಿತು. ಚೀನಾದಲ್ಲಿ ಒಂಟಿಯಾಗಿ ದುಡಿಯುತ್ತಿದ್ದ ಮಿಷನರಿ ಲಾಟಿ ಮೂನ್ ಸಹಾಯಕ್ಕೆ ಜನ ಬೇಕೆಂದು ಬರೆದಿದ್ದಕ್ಕೆ ಆ ವರ್ಷದ ಕ್ರಿಸ್ಮಸ್ಸಿಗೆ ಕೂಡಿದ್ದು 3,315 ಡಾಲರ್. ಮೂವರನ್ನು ಕಳುಹಿಸಲು ಸಾಕಾಯಿತು. ಇಷ್ಟಾದರೂ ದಕ್ಷಿಣದ ಬ್ಯಾಪ್ಟಿಸ್ಟರ ಮಹಾಸಭೆಯಲ್ಲಿ ಹೆಂಗಸರಿಗೆ ಪ್ರತಿನಿಧಿಯಾಗಿ ಕೂರಲು ಅವಕಾಶ ಸಿಕ್ಕಿದ್ದು 1918ರಲ್ಲಿ. ನಿಮ್ಮ ನಾಟಕ 1910ರದ್ದು. ಅವಳು ಹಣ ಕೂಡಿಸುತ್ತಾಳೆ, ಮಹಾಸಭೆಯಲ್ಲಿ ಕೂರುವಂತಿಲ್ಲ. ಇದನ್ನು ಮರೆಯಬೇಡಿ.

ನದಿ ದಡದಲ್ಲಿ ಮರೆಗೆ ಹಿಡಿಯುವ ಆ ಹೊದಿಕೆಗೆ ನಮ್ಮ ಕೌದಿ ತರಬೇಡಿ. ಸಿದ್ದಿ ಹೆಣ್ಣುಮಕ್ಕಳ ಕೌದಿ ನೆಲದ ಮೇಲೆ ಹರಡಿ, ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುವ ಹೊಲಿಗೆ. ಅಮೆರಿಕದ ಹೆಂಗಸರದ್ದು ಚೌಕ ಚೌಕವಾಗಿ ಜೋಡಿಸಿದ ಮೇಲ್ಪದರ, ನಡುವೆ ಹಿಂಜಿದ ಹತ್ತಿ, ಕೆಳಗೆ ಅಸ್ತರಿ. ಮೂರನ್ನೂ ಮರದ ಚೌಕಟ್ಟಿಗೆ ಬಿಗಿದು ನಾಲ್ಕು ಹೆಂಗಸರು ನಾಲ್ಕು ಬದಿ ಕೂತು ಹೊಲಿಯುತ್ತಾರೆ. ಆ ಚೌಕಟ್ಟನ್ನು ಮಾಡಿನಿಂದ ಹಗ್ಗದಲ್ಲಿ ತೂಗಿಬಿಟ್ಟು ರಾತ್ರಿ ಮೇಲಕ್ಕೆ ಎಳೆದು ಕಟ್ಟುತ್ತಿದ್ದರು. ವೇದಿಕೆಗೆ ಇದರಿಂದ ಅನುಕೂಲ: ಹಗ್ಗ ಎಳೆದರೆ ಅದೇ ಕೋಣೆ ಮಲಗುವ ಮನೆ.

ಕಾಳಿದಂಡೆ (ಕಾರವಾರ):

ಎರಡು ಮಾತು ಬಿಟ್ಟಿದ್ದೆ. ಕರ್ತನ ಭೋಜನದ ರೊಟ್ಟಿಯನ್ನು ಹೆಚ್ಚಾಗಿ ಸಭಾಸೇವಕನ ಹೆಂಡತಿಯೇ ಸುಡುತ್ತಿದ್ದಳು. ಹುದುಗು, ಸೋಡಾ ಯಾವುದೂ ಇಲ್ಲ. ಗೋಧಿಹಿಟ್ಟು, ಸ್ವಲ್ಪ ಬೆಣ್ಣೆ, ನೀರು. ತೆಳ್ಳಗೆ ಲಟ್ಟಿಸಿ ಮೇಲೆಲ್ಲ ಮುಳ್ಳುಚಮಚದಿಂದ ಚುಚ್ಚದಿದ್ದರೆ ಪೂರಿಯ ಹಾಗೆ ಉಬ್ಬುತ್ತದೆ, ಮುರಿಯಲು ಬರುವುದಿಲ್ಲ. ಹುಳಿಯದ ದ್ರಾಕ್ಷಿರಸವನ್ನು ಬಾಟಲಿಯಲ್ಲಿಡುವ ಕ್ರಮ 1869ರಿಂದ ಇತ್ತು, ಆದರೆ ಎಲ್ಲ ಸಭೆಯೂ ಒಮ್ಮೆಲೇ ಬದಲಾಗಲಿಲ್ಲ. ನಿಮ್ಮ ಗುಡ್ಡದ ಹಳ್ಳಿಯಲ್ಲಿ ಎಲ್ಲರೂ ಒಂದೇ ಬಟ್ಟಲಿನಿಂದ ಕುಡಿಯುವುದನ್ನು ತೋರಿಸಿದರೂ ತಪ್ಪಿಲ್ಲ.

ಇನ್ನೊಂದು ಮಾತು ಪತ್ರದ್ದು. ಬೇರೆ ಊರಿಗೆ ಹೋಗುವವಳಿಗೆ ‘ಇವಳು ನಮ್ಮ ಸಭೆಯ ಒಳ್ಳೆಯ ಸದಸ್ಯೆ’ ಎಂದು ಬರೆದುಕೊಡುತ್ತಿದ್ದರು. ಹೊಸ ಊರಿನ ಸಭೆ ಅದನ್ನು ನೋಡಿ ಸೇರಿಸಿಕೊಳ್ಳುತ್ತಿತ್ತು. ಮಗಳು ಮದುವೆಯಾಗಿ ಹೊರಡುವುದಾದರೆ ಪೆಟ್ಟಿಗೆಯಲ್ಲಿ ಬಟ್ಟೆಯ ಮೇಲೆ ಆ ಪತ್ರ ಇರಲಿ. ಅದನ್ನು ಇಡುವವಳು ತಾಯಿಯೇ ಆಗಿರಲಿ.