ಛಬಿಮುರಾಕ್ಕೆ ಹೋಗಬೇಕಾ ಅಂತ ಕೇಳಿದ ಚಿಕ್ಕಮ್ಮನಿಗೆ

ಚಿಕ್ಕಮ್ಮಾ, ನಿಮ್ಮ ಮೆಸೇಜ್ ಈಗ ನೋಡಿದೆ. "ಪೂಜೆ ಇಲ್ಲ, ಗರ್ಭಗುಡಿ ಇಲ್ಲ, ಬರೀ ಬಂಡೆ ನೋಡಲಿಕ್ಕೆ ಉಡುಪಿಯಿಂದ ತ್ರಿಪುರಾದವರೆಗೆ ಹೋಗಬೇಕಾ" ಅಂತ ಕೇಳಿದ್ದೀರಲ್ಲ. ನಾನು ನೋಡಿ ಬಂದವಳು, ಹೋಗಲೇಬೇಕು ಅಂತಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡ್ತಾ ಕೇಳಿ.

ಸೋಂದೆಗೆ ವಾದಿರಾಜರ ಮಠಕ್ಕೆ ಹೋದಾಗ ಸಹಸ್ರಲಿಂಗ ನೋಡಿದ್ದೀರಿ ಅಲ್ವಾ? ಶಾಲ್ಮಲಾ ಹೊಳೆಯಲ್ಲಿ ನೀರು ಇಳಿದ ಮೇಲೆ ಬಂಡೆಯಿಂದ ಬಂಡೆಗೆ ಕಾಲಿಟ್ಟು ಲಿಂಗ, ಬಸವ ಎಲ್ಲ ಹತ್ತಿರದಿಂದಲೇ ನೋಡಬಹುದು. ಛಬಿಮುರಾದಲ್ಲಿ ಕಾಲಿಡಲಿಕ್ಕೇ ಜಾಗ ಇಲ್ಲ. ಗೋಮತಿ ನದಿಯ ದಡದಲ್ಲಿ ಗುಡ್ಡ ಗೋಡೆಯ ಹಾಗೆ ನೇರ ಎದ್ದಿದೆ. ಅದರ ಮೈಮೇಲೇ ಶಿವ, ವಿಷ್ಣು, ಕಾರ್ತಿಕೇಯನನ್ನು ಕೆತ್ತಿದ್ದಾರೆ. 15-16ನೇ ಶತಮಾನದ್ದು ಅಂತ ಹೇಳುತ್ತಾರೆ. ದೋಣಿಯಲ್ಲಿ ಹೋಗಿ ದೋಣಿಯಿಂದಲೇ ನೋಡಬೇಕು.

ಎರಡೂ ಕಡೆ ದಟ್ಟ ಕಾಡು. ತಿರುವು ದಾಟುತ್ತಿದ್ದ ಹಾಗೆ ದೇವಿ ಕಾಣುತ್ತಾಳೆ. ಸುಮಾರು 20 ಅಡಿ ಎತ್ತರ ಉಂಟು! ಅಲ್ಲಿನವರು ಚಕ್ರಾಕ್‌ಮಾ ಅನ್ನುತ್ತಾರೆ. ನೀವು ಕಡಿಯಾಳಿಯಲ್ಲಿ ಕೈಮುಗಿಯುವ ಮಹಿಷಮರ್ದಿನಿಯೇ ಅವಳು. ಹತ್ತು ಕೈ, ಆದರೆ ಒಂದೇ ನೋಟಕ್ಕೆ ಎಲ್ಲ ಸಿಗುವುದಿಲ್ಲ. ಮೇಲಿನಿಂದ ಬೇರು ಇಳಿದಿದೆ, ಕಲ್ಲು ಒದ್ದೆ, ತೋಳಿನ ಸಂದಿಯಲ್ಲಿ ಪಾಚಿ. ಕಣ್ಣು ಹೊಂದಿಕೊಂಡ ಮೇಲೆ ಒಂದೊಂದೇ ಕೈ ಕಾಣುತ್ತಾ ಬರುತ್ತದೆ. ಹಗ್ಗದಲ್ಲಿ ನೇತಾಡಿಕೊಂಡು ಕೆತ್ತಿದರೋ, ನೀರಿನಿಂದ ಅಟ್ಟಣಿಗೆ ಕಟ್ಟಿದರೋ, ನನಗೆ ಇವತ್ತಿಗೂ ಅದೇ ಯೋಚನೆ.

ಅಲ್ಲಿ ದೋಣಿಯವರಿಗೆ ಇಂಜಿನ್ ಆಫ್ ಮಾಡಲಿಕ್ಕೆ ಹೇಳಿ. ಬಂದವರು ತುಂಬಾ ಜನ ಒಂದು ಫೋಟೋ ತೆಗೆದು ಮುಂದೆ ಹೋಗಿಬಿಡುತ್ತಾರೆ. ಅಷ್ಟು ದೂರ ಬಂದು ಹಾಗೆ ಮಾಡಬೇಡಿ, ಸುಮ್ನೆ ಕೂತು ನೋಡಿ. ದೋಣಿ ಹತ್ತಿರ ಹೋದರೂ ಮುಟ್ಟುವುದು, ಕುಂಕುಮ ಹಚ್ಚುವುದು ಬೇಡ. ತ್ರಿಪುರಾದ ಗುಡ್ಡಗಳದ್ದು ಮರಳುಗಲ್ಲು, ನಮ್ಮ ಕಾರ್ಕಳದ ಕರಿಕಲ್ಲಿನಷ್ಟು ಗಟ್ಟಿ ಅಲ್ಲ. ಮಳೆಗೇ ಸವೆಯುತ್ತಿದೆ, ನಮ್ಮ ಕೈಯೂ ಸೇರುವುದು ಯಾಕೆ?

ನಿಮಗೆ ಪೂಜೆ ಆಗಲೇಬೇಕು ಅಂತಾದರೆ ಅದಕ್ಕೂ ದಾರಿ ಉಂಟು. ಛಬಿಮುರಾ ಅಗರ್ತಲಾದಿಂದ ಅಮರ್‌ಪುರದ ಕಡೆ ಸುಮಾರು 80 ಕಿಲೋಮೀಟರ್, ನಡುವೆ ಉದಯಪುರ ಸಿಗುತ್ತದೆ. ಅಲ್ಲಿ ತ್ರಿಪುರಸುಂದರಿ ದೇವಸ್ಥಾನ, ಶಕ್ತಿಪೀಠ. ಧನ್ಯ ಮಾಣಿಕ್ಯ ರಾಜ 1501ರಲ್ಲಿ ಕಟ್ಟಿಸಿದ್ದು. ಪಕ್ಕದ ಕಲ್ಯಾಣ ಸಾಗರ ಕೆರೆಯಲ್ಲಿ ದೊಡ್ಡ ದೊಡ್ಡ ಆಮೆಗಳು. ಪೇಡಾ ಪ್ರಸಾದ ಮಾತ್ರ ತಪ್ಪಿಸಬೇಡಿ. ರಾತ್ರಿ ಉದಯಪುರದಲ್ಲೇ ಉಳಿದು ಬೆಳಿಗ್ಗೆ ದೋಣಿ ಹತ್ತಿದರೆ ಅವಸರ ಇರುವುದಿಲ್ಲ.

ಚಿಕ್ಕಪ್ಪನ ಮೊಣಕಾಲಿನ ಚಿಂತೆ ಬೇಡ. ಗುಡ್ಡ ಹತ್ತಲಿಕ್ಕಿಲ್ಲ, ದೋಣಿ ಹತ್ತಿ ಇಳಿಯುವಾಗ ಯಾರಾದರೂ ಕೈ ಹಿಡಿದರೆ ಸಾಕು. ತ್ರಿಪುರಾದಲ್ಲೇ ಬಂಡೆಯಲ್ಲಿ ದೇವರನ್ನು ಕೆತ್ತಿದ ಇನ್ನೊಂದು ಜಾಗ ಉನಕೋಟಿ, ಅಲ್ಲಿ ಮೆಟ್ಟಿಲು ಜಾಸ್ತಿ, ಅದನ್ನು ಅವರಿಗೆ ಹೇಳಿಯೇ ಪ್ಲಾನ್‌ಗೆ ಸೇರಿಸಿ. ಮಳೆ ಮುಗಿದ ಮೇಲೆ, ಚಳಿ ಶುರುವಾಗುವಾಗ ಹೊರಡಿ. ಟಿಕೆಟ್ ಮಾಡುವ ಮೊದಲು ನನಗೊಂದು ಫೋನ್ ಮಾಡಿ ಆಯ್ತಾ.