ಮಡ್ ಫ್ಲ್ಯಾಪ್ ನಾವೇ ಹಾಕಿಕೊಳ್ಳಬಹುದಾ?

ಪ್ರಶ್ನೆ: ಚಿಕ್ಕ ಹ್ಯಾಚ್‌ಬ್ಯಾಕ್ ಕಾರಿಗೆ ನಾಲ್ಕು ಫ್ಲ್ಯಾಪ್ (ಕೆಸರು ಸಿಡಿಯದಂತೆ ಚಕ್ರದ ಹಿಂದೆ ಹಾಕುವ ಪಟ್ಟಿ) ತಂದಿದ್ದೇನೆ. ಸ್ಕ್ರೂ, ಕ್ಲಿಪ್ ಇವೆ, ಹೇಗೆ ಹಾಕಬೇಕು ಅಂತ ಒಂದು ಚೀಟಿಯೂ ಇಲ್ಲ. ಚಕ್ರ ಬಿಚ್ಚಲೇಬೇಕಾ? ಡ್ರಿಲ್ ಬೇಕಾ?

ಉತ್ತರ 1: ಮುಂದಿನದಕ್ಕೆ ಚಕ್ರ ಬಿಚ್ಚೋದು ಬೇಡ. ಬಲಗಡೆ ಫ್ಲ್ಯಾಪ್‌ಗೆ ಸ್ಟೀರಿಂಗ್ ಪೂರ್ತಿ ಬಲಕ್ಕೆ, ಎಡಗಡೆಯದಕ್ಕೆ ಎಡಕ್ಕೆ ತಿರುಗಿಸಿ, ಚಕ್ರದ ಹಿಂದೆ ಕೈ ಆಡುವಷ್ಟು ಜಾಗ ಸಿಗುತ್ತದೆ. ಚಕ್ರದ ಗೂಡಿನ ಒಳಗಿನ ಪ್ಲಾಸ್ಟಿಕ್ ಹೊದಿಕೆಯಲ್ಲಿ (ಲೈನರ್) ಸಾಮಾನ್ಯವಾಗಿ ಮೊದಲೇ ಸ್ಕ್ರೂಗಳಿರುತ್ತವೆ, ಅವುಗಳ ತಲೆಯಲ್ಲಿ ಗಟ್ಟಿಯಾದ ಮಣ್ಣನ್ನು ಹಳೇ ಬ್ರಷ್‌ನಿಂದ ಕೆರೆದು ಆಮೇಲೆ ಬಿಚ್ಚಿ, ಇಲ್ಲದಿದ್ದರೆ ಸ್ಕ್ರೂಡ್ರೈವರ್ ಜಾರಿ ತಲೆ ಸವೆದುಹೋಗುತ್ತದೆ. ಅದೇ ತೂತಿಗೆ ಫ್ಲ್ಯಾಪ್ ಕೂರಿಸಿ. ಎಲ್ಲಾ ಸ್ಕ್ರೂ ಸಡಿಲವಾಗಿ ಹಾಕಿ, ಅಂಚು ಸರಿಮಾಡಿ, ಕೊನೆಗೆ ಬಿಗಿ ಮಾಡಿ.

ಉತ್ತರ 2: ಹಿಂದಿನದೇ ತಲೆನೋವು. ಗಿಡ್ಡ ಸ್ಕ್ರೂಡ್ರೈವರ್ ಇದ್ದರೆ ಚಕ್ರ ಬಿಚ್ಚದೆಯೂ ಆಗಬಹುದು. ಬಿಚ್ಚುವುದಾದರೆ ಬರೀ ಜ್ಯಾಕ್ ನಂಬಿ ಕೆಳಗೆ ಕೈ ಹಾಕಬೇಡಿ, ಕಾರಿನ ಭಾರ ಹೊರುವ ಜ್ಯಾಕ್ ಸ್ಟ್ಯಾಂಡ್ ಇಡಿ. ಸುಮ್ನೆ ತಗಡಿಗೆ ಡ್ರಿಲ್ ಹೊಡೆಯಬೇಡಿ, ತುಕ್ಕು ಅಲ್ಲಿಂದಲೇ ಶುರು. ಹೊಡೆಯಲೇಬೇಕಾದರೆ ತೂತಿನ ಅಂಚಿಗೆ ತುಕ್ಕು ತಡೆಯುವ ಪೇಂಟ್ ಹಚ್ಚಿ.

ಪ್ರಶ್ನೆ ಕೇಳಿದವರು: ತೂತುಗಳು ಇವೆ! ಟೈರ್‌ಗೆ ತಾಗಲ್ಲ ಅಲ್ವಾ?

ಉತ್ತರ 1: ಸ್ಟೀರಿಂಗ್ ಎರಡೂ ಕಡೆ ಕೊನೆತನಕ ತಿರುಗಿಸಿ ನೋಡಿ. ಆಮೇಲೆ ಜನ ಕೂರಿಸಿಕೊಂಡು ಒಂದು ಹಂಪ್ ದಾಟಿಸಿ, ಉಜ್ಜುವ ಸದ್ದು ಬಂದರೆ ಸ್ವಲ್ಪ ಹಿಂದಕ್ಕೆ ಸರಿಸಿ.