ಹಡಗಿನ ಊಟದ ಹಾಲ್‌ನಲ್ಲಿ ಟಿಪ್ಸ್: ಯಾರಿಗೆ, ಎಷ್ಟು, ಯಾವ ರಾತ್ರಿ?

ಪ್ರಶ್ನೆ, ಬಸವನಗುಡಿಯಿಂದ

ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ಸಿಂಗಾಪುರದಿಂದ ಹೊರಡೋ ನಾಲ್ಕು ರಾತ್ರಿಯ ರಾಯಲ್ ಕೆರಿಬಿಯನ್ ಕ್ರೂಸ್ ಬುಕ್ ಮಾಡಿದ್ದೀವಿ. ಆರು ಜನ: ಅತ್ತೆ, ಮಾವ, ನಾವಿಬ್ಬರು, ಒಂಬತ್ತು ವರ್ಷದ ಮಗಳು, ಎರಡು ವರ್ಷದ ಮಗ. ಏಜೆಂಟ್ ಕಳಿಸಿದ ಕೊಟೇಶನ್‌ನ ಕೊನೇಲಿ "ಗ್ರಾಚ್ಯುಟಿ ಸೇರಿಲ್ಲ" ಅಂತ ಸಣ್ಣಕ್ಷರದಲ್ಲಿದೆ. ನಮಗೆ ಗೊತ್ತಿರೋ ಗ್ರಾಚ್ಯುಟಿ ಕೆಲಸ ಬಿಟ್ಟಾಗ ಬರೋದು, ಇದು ನೋಡಿದ್ರೆ ನಾವೇ ಕೊಡೋದಂತೆ. ದರ್ಶಿನೀಲಿ ಟೋಕನ್ ತಗೊಂಡು ನಿಂತು ತಿನ್ನೋರಿಗೆ ಈ ಲೆಕ್ಕ ಹೊಸದು. ಊಟ ಬಡಿಸೋರಿಗೆ ಬೇರೆ ಕೊಡ್ಬೇಕಾ? ಎಷ್ಟು? ದಿನಾ ಕೊಡೋದಾ, ಕೊನೇಲಿ ಒಟ್ಟಿಗೆ ಕೊಡೋದಾ? ಮಾವ ಈರುಳ್ಳಿ ಬೆಳ್ಳುಳ್ಳಿ ಮುಟ್ಟಲ್ಲ, ಅದಕ್ಕೆ ತೊಂದರೆ ತಗೊಳ್ಳೋರಿಗೆ ಏನು ಮಾಡೋದು?

ಜಯನಗರದಿಂದ

ಮೇಡಂ, ಮೊದಲು ದೊಡ್ಡ ಮೊತ್ತ ಮುಗಿಸಿಬಿಡಿ. ರಾಯಲ್ ಕೆರಿಬಿಯನ್‌ನಲ್ಲಿ ಗ್ರಾಚ್ಯುಟಿ, ಅಂದ್ರೆ ಸಿಬ್ಬಂದಿಗೆ ಹೋಗೋ ಟಿಪ್ಸ್, ತಲೆಗೆ ದಿನಕ್ಕೆ 18.50 ಡಾಲರ್, ಸ್ವೀಟ್ ಅನ್ನೋ ದೊಡ್ಡ ರೂಮಾದ್ರೆ 21. ಆರು ಜನ, ನಾಲ್ಕು ರಾತ್ರಿ ಅಂದ್ರೆ 444 ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದರೆ ಹತ್ತಿರ ಹತ್ತಿರ 40,000. ಎರಡು ವರ್ಷದ ಮಗುವಿಗೂ ಪೂರ್ತಿ ರೇಟೇ, ಈ ಕಂಪನೀಲಿ ವಯಸ್ಸಿನ ವಿನಾಯಿತಿ ಇಲ್ಲ. ಮನೆಯವರ ಜೊತೆ ಬಜೆಟ್ ಮಾತಾಡುವಾಗ ಬಿಟ್ಟುಹೋಗೋದು ಇದೇ ಸಾಲು.

ಈ ದುಡ್ಡಿನಲ್ಲಿ ಊಟದ ಹಾಲ್‌ನವರು, ಅಡುಗೆಮನೆಯವರು, ರೂಮ್ ಕ್ಲೀನ್ ಮಾಡೋರು, ಹಿಂದೆ ಕೆಲಸ ಮಾಡೋ ಬೇರೆ ಹೋಟೆಲ್ ಸಿಬ್ಬಂದಿ ಎಲ್ಲರಿಗೂ ಪಾಲಿದೆ. ಅಂದ್ರೆ ಟಿಪ್ಸ್ ಅಂತ ಕೊಡಬೇಕಾದದ್ದನ್ನ ನೀವು ಇಲ್ಲಿಗೇ ಕೊಟ್ಟಾಯ್ತು. ಮೇಲೆ ಕೈಗೆ ಕೊಡೋದು ನಿಮ್ಮ ಖುಷಿ.

ಕಟ್ಟೋಕೆ ಎರಡು ದಾರಿ. ಈಗಲೇ ಏಜೆಂಟ್ ಹತ್ತಿರ ಮುಂಗಡ ಕಟ್ಟೋದು ಒಂದು. ಸುಮ್ಮನಿದ್ರೆ ಹಡಗಿನಲ್ಲಿ ದಿನಾ ನಿಮ್ಮ ಸೀಪಾಸ್ ಖಾತೆಗೆ (ಹಡಗಿನ ಖರ್ಚೆಲ್ಲ ಬರೆಯೋ ಲೆಕ್ಕ) ತಾನಾಗೇ ಬೀಳುತ್ತೆ, ಅದು ಇನ್ನೊಂದು. ಮುಂಗಡವೇ ವಾಸಿ. 2022ರಲ್ಲಿ 16 ಇದ್ದದ್ದು 18.50ಕ್ಕೆ ಬಂದಿದೆ, ಮೊದಲೇ ಕಟ್ಟಿದವರಿಗೆ ನಡುವೆ ರೇಟ್ ಏರಿದ್ರೂ ಹಳೇದೇ ನಡೆಯುತ್ತೆ. ಕಟ್ಟಿದ ಮೇಲೆ ಬುಕಿಂಗ್ ಇನ್‌ವಾಯ್ಸ್‌ನಲ್ಲಿ ಆರು ಹೆಸರಿನ ಮುಂದೆಯೂ ಗ್ರಾಚ್ಯುಟಿ ಸಾಲು ಇದೆಯಾ ನೋಡಿ. ಎರಡು ರೂಮ್ ತಗೊಂಡಿದ್ರೆ ಒಂದು ರೂಮಿಗೆ ಹಾಕಿ ಇನ್ನೊಂದಕ್ಕೆ ಮರೆಯೋ ಏಜೆಂಟರಿಗೆ ನಮ್ಮೂರಲ್ಲಿ ಬರಗಾಲವಿಲ್ಲ.

ಮಲ್ಲೇಶ್ವರದಿಂದ

ಟೇಬಲ್ ಹತ್ತಿರ ಬರೋರು ಮೂರು ಜನ, ಮೂವರನ್ನೂ ಬೇರೆ ಬೇರೆ ಗುರುತಿಟ್ಟುಕೊಳ್ಳಿ. ಆರ್ಡರ್ ತಗೊಂಡು ಊಟ ತರೋರು ವೇಟರ್. ನೀರು, ಬ್ರೆಡ್, ಕಾಫಿ ನೋಡ್ಕೊಂಡು, ತಟ್ಟೆ ಎತ್ತೋರು ಅಸಿಸ್ಟೆಂಟ್ ವೇಟರ್. ಕೋಟ್ ಹಾಕ್ಕೊಂಡು ಟೇಬಲ್ ಟೇಬಲ್‌ಗೆ ಬಂದು "ಎಲ್ಲಾ ಸರಿಯಾಗಿದೆಯಾ" ಅಂತ ಕೇಳೋರು ಹೆಡ್ ವೇಟರ್. ಮಗುವಿನ ಹೈಚೇರ್ ಕೆಳಗೆ ಚೆಲ್ಲಿದ ಅನ್ನ ಬಳಿಯೋದು ಅಸಿಸ್ಟೆಂಟ್. ಜನ ಮರೆಯೋದೂ ಅವರನ್ನೇ.

ಆರು ಜನರ ಟೇಬಲ್, ನಾಲ್ಕು ರಾತ್ರಿಗೆ, ಸೇವೆ ಚೆನ್ನಾಗಿತ್ತು ಅನ್ನಿಸಿದರೆ: ವೇಟರ್‌ಗೆ 25 ಡಾಲರ್, ಅಸಿಸ್ಟೆಂಟ್‌ಗೆ 15ರಿಂದ 20, ಮಾವನವರ ಊಟಕ್ಕೆ ನಿಜವಾಗಿ ಓಡಾಡಿದ್ರೆ ಹೆಡ್ ವೇಟರ್‌ಗೆ 20. ಇದು ಇಡೀ ಕುಟುಂಬದ ಲೆಕ್ಕ, ತಲೆಗಲ್ಲ.

ದಿನಾ ಬಿಡಿ ಬಿಡಿಯಾಗಿ ಕೊಡಬೇಡಿ. ಕೊನೇ ರಾತ್ರಿ ಊಟ ಮುಗಿದು ಸಿಹಿ ಬಂದ ಮೇಲೆ, ಒಬ್ಬೊಬ್ಬರಿಗೂ ಬೇರೆ ಕವರ್. ಒಂದೇ ಕವರ್ ಕೊಟ್ಟು "ಹಂಚ್ಕೊಳ್ಳಿ" ಅಂದ್ರೆ ಎಲ್ಲರಿಗೂ ಮುಜುಗರ. ಇಲ್ಲೊಂದು ಎಡವಟ್ಟು ಮಾತ್ರ ಆಗೇ ಆಗುತ್ತೆ: ಕೊನೇ ರಾತ್ರಿ ಸೂಟ್‌ಕೇಸ್ ಪ್ಯಾಕ್ ಮಾಡಿ ಬಾಗಿಲ ಹೊರಗಿಡೋ ಗಡಿಬಿಡೀಲಿ "ಮೇಲೆ ಬಫೆನಲ್ಲೇ ತಿಂದುಬಿಡೋಣ" ಅಂತ ವಿಂಡ್‌ಜಾಮರ್‌ಗೆ ಹೋಗ್ತೀರಿ, ಕವರ್ ಬ್ಯಾಗಲ್ಲೇ ಉಳಿಯುತ್ತೆ. ಮರುದಿನ ಬೆಳಗ್ಗೆ ಕೊಡೋಣ ಅಂದ್ರೆ ತಿಂಡಿಗೆ ಆ ಸಿಬ್ಬಂದೀನ ಬೇರೆ ಕಡೆ ಹಾಕಿರ್ತಾರೆ. ಕೊನೇ ಊಟ ಹಾಲ್‌ನಲ್ಲಿ ಮಾಡೋದು ಅನುಮಾನ ಅನ್ನಿಸಿದ್ರೆ ಮೂರನೇ ರಾತ್ರಿಯೇ ಕೊಟ್ಟುಬಿಡಿ.

ಇನ್ನೊಂದು. ನಿಗದಿತ ಸಮಯದ ಊಟ ಆರಿಸ್ಕೊಂಡ್ರೆ ದಿನಾ ಅದೇ ಟೇಬಲ್, ಅದೇ ಸಿಬ್ಬಂದಿ. ಬೇಕಾದ ಹೊತ್ತಿಗೆ ಹೋಗೋ ಮೈ ಟೈಮ್ ಡೈನಿಂಗ್ ಆರಿಸಿದ್ರೆ ಎಲ್ಲಿ ಖಾಲಿಯೋ ಅಲ್ಲಿ ಕೂರಿಸ್ತಾರೆ. ಆಗ ಮೊದಲ ರಾತ್ರಿಯ ಟೇಬಲ್ ನಂಬರ್ ಬರೆದಿಟ್ಟುಕೊಂಡು, ಮಾರನೇ ದಿನ ಬಾಗಿಲಲ್ಲೇ "ಅದೇ ವೇಟರ್ ಟೇಬಲ್ ಕೊಡಿ" ಅಂತ ಕೇಳಿ. ಹತ್ತು ನಿಮಿಷ ಕಾಯಬೇಕಾಗಬಹುದು, ಸಿಗುತ್ತೆ. ಹಿರಿಯರೂ ಮಗುವೂ ಇರೋ ಮನೆಗೆ ನಿಗದಿತ ಸಮಯವೇ ಹಿತ; ಎರಡನೇ ದಿನಕ್ಕೆ ಮಾವನವರಿಗೆ ಬಿಸಿನೀರು ಕೇಳದೇ ಬರುತ್ತೆ.

ಇಂದಿರಾನಗರದಿಂದ

ಗೊತ್ತಿಲ್ಲದೇ ಡಬಲ್ ಟಿಪ್ಸ್ ಕೊಟ್ಟುಬಿಡೋ ಜಾಗ ಬಾರ್ ಸ್ಲಿಪ್. ಜ್ಯೂಸ್, ಮಾಕ್‌ಟೇಲ್, ಬಿಯರ್ ಏನೇ ತಗೊಂಡ್ರೂ ಬೆಲೆ ಮೇಲೆ 18% ಆಗಲೇ ಸೇರಿರುತ್ತೆ. 12 ಡಾಲರ್‌ದು 14.16 ಆಗಿ ಬರುತ್ತೆ. ಆದ್ರೂ ಸ್ಲಿಪ್ಪಿನಲ್ಲಿ ಕೆಳಗೆ "ಹೆಚ್ಚುವರಿ ಟಿಪ್" ಅಂತ ಒಂದು ಖಾಲಿ ಗೆರೆ, ಅದರ ಕೆಳಗೆ "ಒಟ್ಟು" ಅಂತ ಇನ್ನೊಂದು. ಅಭ್ಯಾಸಬಲದಿಂದ ಜನ 2 ಡಾಲರ್ ಬರೀತಾರೆ. ಬೇಡ ಅಂದ್ರೆ ಖಾಲಿ ಬಿಡಬೇಡಿ, ಅಡ್ಡಗೆರೆ ಎಳೆದು ಒಟ್ಟು ಅನ್ನೋ ಕಡೆ 14.16 ಬರೆದು ಸಹಿ ಹಾಕಿ. ಬೇರೆ ದುಡ್ಡು ಕೊಟ್ಟು ತಿನ್ನೋ ಸ್ಪೆಷಾಲಿಟಿ ರೆಸ್ಟೋರೆಂಟ್ ಚಾರ್ಜ್‌ಗೂ, ಡ್ರಿಂಕ್ಸ್ ಪ್ಯಾಕೇಜ್‌ಗೂ ಇದೇ 18%.

ಬಫೆನಲ್ಲಿ ಏನೂ ಕೊಡಬೇಕಿಲ್ಲ. ಅತ್ತೆಯವರ ತಟ್ಟೆ ಟೇಬಲ್‌ವರೆಗೂ ತಂದುಕೊಟ್ಟ ಹುಡುಗನಿಗೆ 2 ಡಾಲರ್ ಕೊಟ್ರೆ ಧಾರಾಳ. ಬೆಳಗ್ಗೆ ರೂಮಿಗೆ ತಿಂಡಿ ತಂದವರಿಗೂ ಅಷ್ಟೇ.

ರಾಜಾಜಿನಗರದಿಂದ

ನನ್ನದೊಂದು ತಕರಾರಿದೆ. ನಮ್ಮಲ್ಲಿ ಹೋಟೆಲ್ ಬಿಲ್ಲಿಗೆ ಸರ್ವಿಸ್ ಚಾರ್ಜ್ ತಾನಾಗೇ ಸೇರಿಸೋ ಹಾಗಿಲ್ಲ ಅಂತ 2022ರ ಜುಲೈನಲ್ಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನ ಎತ್ತಿಹಿಡಿದಿದೆ. ಹಡಗಿನಲ್ಲಿ ಯಾಕೆ ಬಾಯಿ ಮುಚ್ಕೊಂಡು ಕೊಡ್ಬೇಕು? ಗೆಸ್ಟ್ ಸರ್ವೀಸಸ್ ಕೌಂಟರ್‌ನಲ್ಲಿ ಹೇಳಿದ್ರೆ ತೆಗೀತಾರೆ. ತೆಗೆಸಿ, ಬಡಿಸಿದವರ ಕೈಗೇ ಕೊಡೋದು ಹೆಚ್ಚು ನ್ಯಾಯ ಅಲ್ವಾ?

ಎಚ್‌ಎಸ್‌ಆರ್ ಲೇಔಟ್‌ನಿಂದ

ಸರ್, ನಮ್ಮ ಮಾರ್ಗಸೂಚಿ ಸಿಂಗಾಪುರದಿಂದ ಹೊರಡೋ ವಿದೇಶಿ ಬಾವುಟದ ಹಡಗಿಗೆ ತಾಗಲ್ಲ, ಅದು ಮೊದಲನೇದು. ತೆಗೆಸಬಹುದು ಅನ್ನೋದು ನಿಜ. ಆದರೆ ತೆಗೆಸಿದಾಗ ಕಡಿಮೆಯಾಗೋದು ನಿಮ್ಮ ವೇಟರ್ ಪಾಲು ಒಂದೇ ಅಲ್ಲ, ನಿಮ್ಮ ಕಣ್ಣಿಗೆ ಬೀಳದ ಅಡುಗೆಮನೆಯವರದ್ದೂ ಹೋಗುತ್ತೆ. ಈ ಕೆಲಸಗಳಲ್ಲಿ ಮೂಲ ಸಂಬಳ ಸಣ್ಣದು, ಗಳಿಕೆಯ ದೊಡ್ಡ ಭಾಗ ಇದೇ. ಕೆಲವು ಕಂಪನಿಗಳಲ್ಲಂತೂ ಪ್ರಯಾಣಿಕರು ಗ್ರಾಚ್ಯುಟಿ ತೆಗೆಸಿದ್ರೆ, ಅವರು ಕೈಗೆ ಕೊಟ್ಟ ನಗದನ್ನೂ ಸಿಬ್ಬಂದಿ ಒಟ್ಟು ಹುಂಡಿಗೇ ಹಾಕಬೇಕು. ಹಾಗಾಗಿ "ನೇರ ಕೈಗೆ" ಅನ್ನೋ ಲೆಕ್ಕ ಬಹಳ ಸಲ ಕೈಗೂಡಲ್ಲ.

ಸೇವೆ ನಿಜಕ್ಕೂ ಕೆಟ್ಟದಾಗಿದ್ರೆ ದಾರಿ ಬೇರೆ. ಅದೇ ರಾತ್ರಿ ಹೆಡ್ ವೇಟರ್‌ಗೆ ಹೇಳಿ: ಊಟ ನಲವತ್ತು ನಿಮಿಷ ತಡವಾಯ್ತು, ಸಸ್ಯಾಹಾರಿ ತಟ್ಟೇಲಿ ಮೀನಿನ ಸಾಸ್ ಬಂತು, ಹೀಗೆ ಇದ್ದದ್ದನ್ನ ಇದ್ದ ಹಾಗೆ. ಟೇಬಲ್ ಬದಲಾಯಿಸಿ ಕೊಡ್ತಾರೆ. ಆಮೇಲೂ ಸರಿಹೋಗದಿದ್ರೆ ಇಳಿಯೋ ಹಿಂದಿನ ದಿನ ಸಂಜೆ ಒಳಗೆ ಕೌಂಟರ್‌ಗೆ ಹೋಗಿ ಮೊತ್ತ ಕಡಿಮೆ ಮಾಡಿಸಿ. ಬೆಂಗಳೂರಿಗೆ ಬಂದು ಇಮೇಲ್ ಹಾಕಿದ್ರೆ ಆ ದುಡ್ಡು ವಾಪಸ್ ಬರೋದು ಕಷ್ಟ.

ರಾಜಾಜಿನಗರದಿಂದ

ಹುಂಡಿ ವಿಷಯ ಒಪ್ಕೊಂಡೆ. ಆದರೆ 444 ಕೊಟ್ಟಾದ ಮೇಲೆ ಮತ್ತೆ 60, 65 ಡಾಲರ್ ನನಗೆ ಜಾಸ್ತಿ ಅನ್ಸುತ್ತೆ. ಮೂವರಿಗೂ ಸೇರಿ 40 ಸಾಕು, ಮಲ್ಲೇಶ್ವರದವರು ಬೇಜಾರು ಮಾಡ್ಕೋಬಾರ್ದು.

ಮಲ್ಲೇಶ್ವರದಿಂದ

ಬೇಜಾರೇನಿಲ್ಲ ರೀ. ಮಗು ಇಲ್ಲದ ಟೇಬಲ್ ಆಗಿದ್ರೆ ನಾನೂ 40 ಅಂತಲೇ ಹೇಳ್ತಿದ್ದೆ.

ವಿಜಯನಗರದಿಂದ

ಈರುಳ್ಳಿ ಬೆಳ್ಳುಳ್ಳಿ ವಿಷಯ ಟಿಪ್ಸ್‌ಗಿಂತ ಮುಖ್ಯ. ಮೊದಲು ಏಜೆಂಟ್ ಮೂಲಕ ಬುಕಿಂಗ್‌ನಲ್ಲೇ ಬರೆಸಿ. "ಸಸ್ಯಾಹಾರಿ" ಅಂತಷ್ಟೇ ಬರೆಸಿದ್ರೆ ಪಾಸ್ತಾ ಮೇಲೆ ಬೆಳ್ಳುಳ್ಳಿ ಬಂದೇ ಬರುತ್ತೆ. "ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಮೊಟ್ಟೆ ಇಲ್ಲ" ಅಂತ ಒಂದೊಂದನ್ನೂ ಬಿಡಿಸಿ ಬರೆಸಬೇಕು. ಗಡ್ಡೆ ತಿನ್ನೋರಾದ್ರೆ "ಜೈನ್ ಊಟ" ಅಂತ ಹಾಕಿಸಬೇಡಿ, ಆಲೂಗಡ್ಡೆ ಕ್ಯಾರೆಟ್ ಕೂಡ ಹೋಗಿಬಿಡುತ್ತೆ.

ಬರೆಸಿದ್ದೀವಿ ಅಂತ ನಂಬಿಕೊಂಡು ಕೂರಬೇಡಿ. ಮೊದಲ ರಾತ್ರಿ ಕೂತ ತಕ್ಷಣ ಹೆಡ್ ವೇಟರ್‌ನ ಕರೆಸಿ ಮತ್ತೆ ಹೇಳಿ. ಊಟ ಮುಗಿಸಿ ಏಳೋ ಮುಂಚೆ ನಾಳೆಯ ಮೆನು ಕೇಳಿ, ಮಾವನವರಿಗೆ ಏನು ಬೇಕು ಅಂತ ಇವತ್ತೇ ಹೇಳಿಡಿ. ಬೇಳೆ, ಅನ್ನ, ಒಂದು ಪಲ್ಯ ಇಷ್ಟು ಬೇರೆ ಪಾತ್ರೇಲಿ ಮಾಡಿಸೋಕೆ ಅಡುಗೆಮನೆಗೆ ಒಂದು ದಿನದ ಸಮಯ ಬೇಕು. ಊಟದ ಹೊತ್ತಿಗೆ ಹೇಳಿದ್ರೆ ಮಾಡೋಕಾಗಲ್ಲ, ಗ್ರೇವಿ ಎಲ್ಲ ಮೊದಲೇ ಈರುಳ್ಳಿ ಹಾಕಿ ದೊಡ್ಡ ಪ್ರಮಾಣದಲ್ಲಿ ಕುದಿಸಿಟ್ಟಿರ್ತಾರೆ. ಹೆಡ್ ವೇಟರ್ ಒಬ್ಬರಿಗೆ ಮಾತ್ರ ಟಿಪ್ಸ್ ಕೊಡೋಕೆ ಕೊನೇ ರಾತ್ರಿವರೆಗೂ ಕಾಯಬೇಡಿ: ಎರಡನೇ ರಾತ್ರಿ ಊಟ ಸರಿಯಾಗಿ ಬಂದ್ರೆ ಅರ್ಧ ಆಗಲೇ ಕೊಡಿ, ಉಳಿದರ್ಧ ಕೊನೇಲಿ. ಲಂಚ ಅನ್ಕೋಬೇಡಿ, ಕೆಲಸ ಆದ ಮೇಲೇ ಕೊಡ್ತಿರೋದು.

ಮೈಸೂರು ಪಾಕ್ ಡಬ್ಬ ಕೊಡ್ಲಾ ಅಂತ ಅತ್ತೆ ಕೇಳೇ ಕೇಳ್ತಾರೆ. ಅಂಗಡಿಯ ಸೀಲ್ ಒಡೆಯದ ಪ್ಯಾಕ್ ಆದ್ರೆ ಹಡಗಿಗೆ ಬಿಡ್ತಾರೆ, ಮನೇಲಿ ಮಾಡಿದ್ದು ಬಿಡಲ್ಲ. ಕೊಡಿ, ಆದರೆ ಕವರ್ ಜೊತೆಗೆ, ಕವರ್ ಬದಲಿಗಲ್ಲ.

ಕೋರಮಂಗಲದಿಂದ

ನೋಟಿನ ವಿಷಯ ಯಾರೂ ಹೇಳಿಲ್ಲ. ಎಂ.ಜಿ. ರೋಡ್ ಆಗಲಿ ಜಯನಗರ ನಾಲ್ಕನೇ ಬ್ಲಾಕ್ ಆಗಲಿ, ಫಾರೆಕ್ಸ್ ಅಂಗಡೀಲಿ ಸುಮ್ಮನೆ "150 ಡಾಲರ್" ಅಂದ್ರೆ ನೂರರದ್ದೊಂದು, ಐವತ್ತರದ್ದೊಂದು ಕೈಗಿಡ್ತಾರೆ. ಟಿಪ್ಸ್‌ಗೆ ಎರಡೂ ಪ್ರಯೋಜನವಿಲ್ಲ. ಎರಡು ಮೂರು ದಿನ ಮೊದಲೇ ಫೋನ್ ಮಾಡಿ 1, 5, 10, 20ರ ನೋಟು ಎತ್ತಿಡೋಕೆ ಹೇಳಿ. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್, ವೀಸಾ ಪ್ರತಿ ಒಯ್ಯಿ. ಕೊಡೋ ರೂಪಾಯಿ ನಗದು 50,000ದ ಒಳಗಿರಲಿ, ಮೇಲಾದ್ರೆ ಬ್ಯಾಂಕಿನಿಂದ ಕಟ್ಟಬೇಕು. ಏರ್‌ಪೋರ್ಟ್‌ನಲ್ಲಿ ತಗೋತೀನಿ ಅಂದ್ರೆ ರೇಟ್ ಹೊಡೆತ ಬೀಳುತ್ತೆ, ಚಿಲ್ಲರೆಯೂ ಸಿಗಲ್ಲ. ಹಡಗಿನ ಕೌಂಟರ್‌ನಲ್ಲಿ ಚಿಲ್ಲರೆ ಕೊಡ್ತಾರೆ, ಆದರೆ ಕೊನೇ ಸಂಜೆ ಅಲ್ಲಿನ ಸಾಲು ನೋಡಿದ್ರೆ ಮೆಜೆಸ್ಟಿಕ್ ನೆನಪಾಗುತ್ತೆ.

ಬಡಿಸೋನು ಗೋವಾದವನೋ ಮಂಗಳೂರಿನವನೋ ಆಗಿದ್ರೆ ಐನೂರರ ನೋಟು ಕೊಡೋಕೆ ಕೈ ಹೋಗುತ್ತೆ. ತಿಂಗಳುಗಟ್ಟಲೆ ಹಡಗಲ್ಲೇ ಇರೋರಿಗೆ ರೂಪಾಯಿ ಅಲ್ಲಿ ಖರ್ಚಾಗಲ್ಲ. ಡಾಲರೇ ಕೊಡಿ.

ಕಾರ್ಡ್: ಹಡಗಿನ ಖಾತೆಗೆ ಕೊಡೋ ಕ್ರೆಡಿಟ್ ಕಾರ್ಡ್‌ನಲ್ಲಿ ವಿದೇಶಿ ಬಳಕೆ ಆನ್ ಆಗಿದೆಯಾ, ಮಿತಿ ಎಷ್ಟಿದೆ ಅಂತ ಬ್ಯಾಂಕ್ ಆ್ಯಪ್‌ನಲ್ಲಿ ಹೊರಡೋ ಮುಂಚೆ ನೋಡಿ. 2020ರ ಆರ್‌ಬಿಐ ನಿಯಮದಿಂದಾಗಿ ಹೊಸ ಕಾರ್ಡ್‌ಗಳಲ್ಲಿ ಅದು ಆಫ್ ಆಗೇ ಬರುತ್ತೆ. ಡೆಬಿಟ್ ಕಾರ್ಡ್ ಕೊಡಬೇಡಿ. ಅವರು ಮುಂಗಡ ಹಿಡಿದಿಡೋ ಮೊತ್ತ ನಿಮ್ಮ ಖಾತೆಯಿಂದಲೇ ಲಾಕ್ ಆಗಿ, ಇಳಿದ ಮೇಲೂ ಕೆಲವು ದಿನ ಬಿಡಲ್ಲ.

ಯಲಹಂಕದಿಂದ

ಬೇರೆ ಹಡಗು ಹತ್ತೋರು ಇದನ್ನ ಓದಬಹುದು, ಅದಕ್ಕೆ ಚುಟುಕಾಗಿ. ಕಾರ್ನಿವಲ್‌ನಲ್ಲಿ 2 ವರ್ಷದೊಳಗಿನ ಮಗುವಿಗೆ ಗ್ರಾಚ್ಯುಟಿ ಇಲ್ಲ, ನಾರ್ವೇಜಿಯನ್‌ನಲ್ಲಿ 3ರೊಳಗೆ ಇಲ್ಲ. ಬ್ರಿಟನ್ನಿನ ಪಿ ಅಂಡ್ ಓ 2019ರಿಂದ ಟಿಕೆಟ್ಟಿನಲ್ಲೇ ಸೇರಿಸಿಬಿಟ್ಟಿದೆ. ಡಿಸ್ನಿ ಹಡಗಲ್ಲಿ ರಾತ್ರಿಗೊಂದು ರೆಸ್ಟೋರೆಂಟ್ ಬದಲಾದ್ರೂ ನಿಮ್ಮ ವೇಟರ್‌ಗಳು ನಿಮ್ಮ ಜೊತೆಗೇ ಬರ್ತಾರೆ, ಹಾಗಾಗಿ ಕೊನೇ ರಾತ್ರಿ ಕವರ್ ಲೆಕ್ಕ ಅಲ್ಲೂ ನಡೆಯುತ್ತೆ. ಮುಂಬೈಯಿಂದ ಗೋವಾ, ಲಕ್ಷದ್ವೀಪ ಕಡೆ ಹೋಗೋ ಕೊರ್ಡೇಲಿಯಾ ಹತ್ತೋರು ಕೊಟೇಶನ್‌ನಲ್ಲಿ ಸರ್ವಿಸ್ ಚಾರ್ಜ್ ಸಾಲು ಇದೆಯಾ ನೋಡಿ ಆಮೇಲೆ ನಿರ್ಧಾರ ಮಾಡಿ. ಸಿಂಗಾಪುರದ ನೆಲದ ಮೇಲೆ ಮಾತ್ರ ಟಿಪ್ಸ್ ಪದ್ಧತಿ ಇಲ್ಲ, ಅಲ್ಲಿನ ಹೋಟೆಲ್ ಬಿಲ್ಲಿಗೆ 10% ಸರ್ವಿಸ್ ಚಾರ್ಜ್ ಹಾಕಿಯೇ ಕೊಡ್ತಾರೆ.

ಬಸವನಗುಡಿಯಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 444 ಇವತ್ತೇ ಏಜೆಂಟ್ ಹತ್ತಿರ ಕಟ್ಟಿಸ್ತೀನಿ. ನಗದು 120: ಇಪ್ಪತ್ತರದ್ದು ಎರಡು, ಹತ್ತರದ್ದು ನಾಲ್ಕು, ಐದರದ್ದು ಆರು, ಒಂದರದ್ದು ಹತ್ತು. ಊಟದವರಿಗೆ 65, ಉಳಿದದ್ದು ರೂಮಿನವರಿಗೆ, ತಿಂಡಿ ತರೋರಿಗೆ. ಸರೀನಾ?

ಮಲ್ಲೇಶ್ವರದಿಂದ

ಸರಿ ಇದೆ. ಕವರ್ ಹಡಗಲ್ಲಿ ಹುಡುಕಬೇಡಿ, ಗಾಂಧಿ ಬಜಾರ್ ನಿಮಗೆ ಪಕ್ಕದಲ್ಲೇ. ಒಂದು ರೂಪಾಯಿ ನಾಣ್ಯ ಅಂಟಿಸಿರೋ ಮುಯ್ಯಿ ಕವರ್ ನಾಲ್ಕು ತಗೊಳ್ಳಿ. ಹೊರಗಡೆ ವೇಟರ್ ಹೆಸರು, ಟೇಬಲ್ ನಂಬರ್ ಬರೀರಿ, ಹೆಸರು ಎದೆ ಮೇಲಿನ ಬ್ಯಾಡ್ಜ್ ನೋಡಿ ಅಕ್ಷರ ತಪ್ಪದ ಹಾಗೆ. ಅದೇ ಹೆಸರುಗಳನ್ನ ಫೋನ್‌ನಲ್ಲೂ ಬರೆದಿಟ್ಟುಕೊಳ್ಳಿ, ಊರಿಗೆ ಬಂದ ಮೇಲೆ ಬರೋ ಸರ್ವೇ ಇಮೇಲ್‌ನಲ್ಲಿ ಹಾಕೋಕೆ ಬೇಕಾಗುತ್ತೆ. ಕವರ್ ಮಗಳ ಕೈಲಿ ಕೊಡಿಸಿ. ಮಗನ ಕೈಗೆ ಮಾತ್ರ ಕೊಡಬೇಡಿ, ಎರಡು ವರ್ಷದ ಮಗು, ನಾಣ್ಯ ಕಿತ್ತು ಬಾಯಿಗೆ ಹಾಕ್ಕೊಂಡೀತು.